ಕಾಫಿ ಕುಡಿಯದ ನಲವತ್ತಾರು ಮಂದಿ

ಜಯಲಕ್ಷ್ಮಮ್ಮನ ಹೆಸರು ಅಚ್ಚಾದದ್ದು ಬದುಕಿನಲ್ಲಿ ಎರಡೇ ಸಲ. ಮೊದಲನೆಯದು ಲಗ್ನಪತ್ರಿಕೆಯಲ್ಲಿ, ಅಲ್ಲಿ ಅವರಿಗಿಂತ ಅವರ ಸೋದರಮಾವಂದಿರೇ ಹೆಚ್ಚು ಜಾಗ ಹಿಡಿದಿದ್ದರು. ಎರಡನೆಯದು ಇಪ್ಪತ್ತಾರು ವರ್ಷದ ಹಿಂದೆ, ಒಂದು ವೈದ್ಯಕೀಯ ಪತ್ರಿಕೆಯಲ್ಲಿ, ಏಳು ಪುಟದ ಇಂಗ್ಲಿಷ್ ಲೇಖನದ ಕಟ್ಟಕಡೆಗೆ: ಸಂದರ್ಶನ ನಡೆಸಿ ರಕ್ತ ಸಂಗ್ರಹಿಸಿದ ಶ್ರೀಮತಿ ಕೆ. ಜಯಲಕ್ಷ್ಮೀ ಅವರಿಗೆ ಕೃತಜ್ಞತೆಗಳು. ಲೇಖನ ಬರೆದ ಡಾಕ್ಟರಿಗೆ ಅದರಿಂದ ಬಡ್ತಿ ಬಂತು. ಜಯಲಕ್ಷ್ಮಮ್ಮನಿಗೆ ಒಂದು ಜೆರಾಕ್ಸ್ ಪ್ರತಿ ಬಂತು.

ಆ ಜೆರಾಕ್ಸಿಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ಗುರುರಾಯರ ಪಟದ ಪಕ್ಕ ತೂಗುಹಾಕಿದವರು ಗಂಡ ಕಿಟ್ಟುರಾಯರು. ತಿರುವಲ್ಲಿಕ್ಕೇಣಿಯ ಒಟ್ಟುಕುಟುಂಬದ ಮನೆಯಲ್ಲೂ ಅದು ಇತ್ತು, ಈಗ ಮಗ ಕೌಶಿಕ್ ಬೆಸೆಂಟ್ ನಗರದಲ್ಲಿ ಕೊಂಡ ಫ್ಲ್ಯಾಟಿನಲ್ಲೂ ಇದೆ. ಬಂದವರಿಗೆಲ್ಲ ಕಿಟ್ಟುರಾಯರು ಅದನ್ನು ತೋರಿಸಿ, "ನಮ್ಮನೇವಳು ರಿಸರ್ಚ್ ಮಾಡಿರೋಳು" ಎನ್ನುತ್ತಿದ್ದರು. ಕೀಲ್ಪಾಕಿನ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷ ಊರವರ ರಕ್ತ ಎಳೆದ ಹೆಂಗಸು ಆಕೆ. ನರವೇ ಸಿಗದ ಮುದುಕಿಯರೂ "ಜಯಮ್ಮ ಇದ್ದಾರಾ?" ಎಂದು ಕೇಳಿಕೊಂಡು ಬಂದು ತೋಳು ಚಾಚುತ್ತಿದ್ದರು. ಆ ಕೈಗುಣದ ಬಗ್ಗೆ ಮನೆಯಲ್ಲಿ ಯಾರೂ ಒಂದು ದಿನ ಮಾತಾಡಿದ್ದಿಲ್ಲ. ಕಾಗದದಲ್ಲಿ ಅಚ್ಚಾದದ್ದಕ್ಕೆ ಮಾತ್ರ ಮರ್ಯಾದೆ.

ಆ ಲೇಖನ ಹೇಳುವುದು ಇಷ್ಟು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ನಲವತ್ತಾರು ಮಂದಿ ಮಾಧ್ವ ಹೆಂಗಸರು ಏಕಾದಶಿಯಂದು ನೀರೂ ಮುಟ್ಟದೆ ಉಪವಾಸವಿದ್ದರು. ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಮುಂಚೆ ಅವರ ರಕ್ತ ಪರೀಕ್ಷಿಸಲಾಯಿತು. ಒಬ್ಬರಿಗೂ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿರಲಿಲ್ಲ. ಆದ್ದರಿಂದ ಈ ಸಾಂಪ್ರದಾಯಿಕ ಉಪವಾಸ ಮಧುಮೇಹಿಗಳಿಗೂ ಸುರಕ್ಷಿತವೆಂದು ತೋರುತ್ತದೆ.

ಗೋಡೆಯ ಮೇಲೆ ಇದ್ದಷ್ಟು ದಿನ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಕಿಟ್ಟುರಾಯರಿಗೇ ಸಕ್ಕರೆ ಕಾಯಿಲೆ ಬಂದ ಮೇಲೆ, ಅದರ ಬೆನ್ನಿಗೇ ಭಕ್ತಿಯೂ ಬಂದ ಮೇಲೆ. ಇನ್ಶೂರೆನ್ಸ್ ಆಫೀಸಿನಲ್ಲಿ ಇದ್ದಾಗ ಏಕಾದಶಿಯೆಂದರೆ ಕ್ಯಾಂಟೀನಿನಲ್ಲಿ ಎರಡು ವಡೆ ಕಡಿಮೆ ತಿನ್ನುವ ದಿನವಾಗಿತ್ತು. ಎಪ್ಪತ್ತು ತುಂಬಿದ ವರ್ಷ ಇದ್ದಕ್ಕಿದ್ದ ಹಾಗೆ ನಿರ್ಜಲ ಎಂದು ಕೂತರು. ಬೆಳಿಗ್ಗೆ ತೀರ್ಥದ ಜೊತೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವುದು, ಆಮೇಲೆ ಮಾರನೆಯ ದಿನದ ಬೆಳಗಿನವರೆಗೆ ಏನೂ ಇಲ್ಲ. ಡಾಕ್ಟರು ಬೈದದ್ದನ್ನು ನೆನಪಿಸಿದರೆ ಗೋಡೆಯ ಕಡೆ ಕೈ ತೋರಿಸುವುದು.

ಜಯಲಕ್ಷ್ಮಮ್ಮ ತಡೆಯಲು ಮಾಡದ ಉಪಾಯವಿಲ್ಲ. ಮಾತ್ರೆ ಡಬ್ಬಿ ಅಡಗಿಸಿಟ್ಟರು. ಒಂದು ಸಲವಂತೂ "ಇವತ್ತು ಸ್ಮಾರ್ತರ ಏಕಾದಶಿ, ನಮ್ದು ನಾಳೆ" ಎಂದು ಸುಳ್ಳು ಹೇಳಿ ಪೊಂಗಲ್ ತಿನ್ನಿಸಿಬಿಟ್ಟರು. ಸಾಯಂಕಾಲ ಪಂಚಾಂಗ ನೋಡಿದ ಕಿಟ್ಟುರಾಯರು ಮೂರು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ; ವ್ರತಭಂಗ ಮಾಡಿಸಿದ ಪಾಪ ಏಳು ಜನ್ಮ ಕಾಡುತ್ತದೆ ಎಂದು ಗೋಡೆಗೆ ಹೇಳುವ ಹಾಗೆ ಹೇಳಿದರು. ಅಲ್ಲಿಂದ ಮುಂದೆ ಉಪವಾಸದ ವಿಷಯದಲ್ಲಿ ಹೆಂಡತಿ ಬಾಯಿ ತೆಗೆದರೆ ಅವರ ಪಾಲಿಗೆ ಅದು ಸುಳ್ಳೇ.

ಹೇಳಬಹುದಾದ ನಿಜ ಒಂದಿತ್ತು. ಅದನ್ನು ಆಕೆ ಹೇಳಿರಲಿಲ್ಲ. ಬಿಸಿತುಪ್ಪದ ಹಾಗೆ ಬಾಯಲ್ಲೇ ಇಟ್ಟುಕೊಂಡಿದ್ದರು.

ಹೀಗಿರುವಾಗ ಮೊಮ್ಮಗಳು ಅಕ್ಷಯಾ ಶಾಲೆಯಿಂದ ಒಂದು ಹಾಳೆ ತಂದಳು. ಹನ್ನೊಂದನೆಯ ಕ್ಲಾಸು, ಓದಿನಲ್ಲಿ ಮುಂದು. ತಮಿಳರ ಊರಲ್ಲಿ ಹುಟ್ಟಿ ಬೆಳೆದವಳು; ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಅರ್ಧ ತಮಿಳು, ಅರ್ಧ ಇಂಗ್ಲಿಷು, ಅಜ್ಜಿಯ ಮೇಲೆ ಪ್ರೀತಿ ಬಂದ ದಿನ ನಡುವೆ ಒಂದಿಷ್ಟು ಕನ್ನಡ. ಅಜ್ಜಿಯನ್ನು ಕರೆಯುವುದೂ ತಮಿಳಿನ ಹಾಗೆ ಪಾಟಿ ಎಂದೇ.

"ಪಾಟಿ, ಬಯಾಲಜಿ ಮ್ಯಾಮ್ ಅಸೈನ್‌ಮೆಂಟ್ ಕೊಟ್ಟಿದಾರೆ. ಒಂದು ಪೀರ್ ರಿವ್ಯೂಡ್ ಆರ್ಟಿಕಲ್ ಓದಿ ಅದನ್ನ ಎಕ್ಸ್‌ಪ್ಲೇನ್ ಮಾಡ್ಬೇಕು. ಎಲ್ಲಾರೂ ಏನೇನೋ ಡೌನ್‌ಲೋಡ್ ಮಾಡ್ತಿದಾರೆ. ನಾನು ನಿಂದೇ ಎಡುತ್ಕೊಂಡೆ. ಮನೇಲೇ ಇರುವಾಗ ಹೊರಗೆ ಯಾಕೆ ತೇಡ್ಬೇಕು?"

ಜಯಲಕ್ಷ್ಮಮ್ಮ ಹಾಳೆಯನ್ನು ಪಕ್ಕಕ್ಕೆ ಸರಿಸಿದರು. "ಬೇರೆ ಯಾವ್ದಾದ್ರೂ ನೋಡೇ, ಅದು ಹಳೇದು" ಎಂದರು. ಹುಡುಗಿ ಆಗಲೇ ಅದನ್ನು ಲ್ಯಾಪ್‌ಟಾಪಿನಲ್ಲಿ ತೆರೆದಿದ್ದಳು. ಪತ್ರಿಕೆಯವರು ಹಳೆಯ ಸಂಚಿಕೆಗಳನ್ನೆಲ್ಲ ಯಾರು ಬೇಕಾದರೂ ಓದುವ ಹಾಗೆ ಇಂಟರ್‌ನೆಟ್ಟಿಗೆ ಹಾಕಿದ್ದರು.

ಹಾಳೆಯಲ್ಲಿ ಆರು ಪ್ರಶ್ನೆ. ಲೇಖಕರು ಏನು ಕೇಳಿಕೊಂಡರು, ಯಾರ ಮೇಲೆ ಪರೀಕ್ಷಿಸಿದರು, ಹೇಗೆ ಅಳೆದರು, ಏನು ಕಂಡರು, ಮಿತಿಗಳೇನು, ಇದನ್ನು ಏಕೆ ನಂಬಬೇಕು. ಅಕ್ಷಯಾ ಮೊದಲ ಪುಟದ ಸಾರಾಂಶವನ್ನೇ ಓದಿ ಆರಕ್ಕೂ ಉತ್ತರ ಬರೆಯಲು ಹೊರಟಳು. ಅಲ್ಲಿ ಜಯಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ. ಇಪ್ಪತ್ತೊಂಬತ್ತು ವರ್ಷ ಡಾಕ್ಟರುಗಳ ಚರ್ಚೆ ಕಿವಿಗೆ ಹಾಕಿಕೊಂಡ ಹೆಂಗಸು.

"ಅದನ್ನ ಕೊನೇಲಿ ಓದು. ಎಲೆ ಮೇಲೆ ಬಡಿಸಿದ್ದು ನೋಡಿ ಅಡಿಗೆ ಹೇಗಿದೆ ಅಂತ ಹೇಳಕ್ಕಾಗಲ್ಲ, ಅಡಿಗೆಮನೇಗೆ ಹೋಗಿ ನೋಡ್ಬೇಕು. ಮೆಥಡ್ಸ್ ಅಂತ ಇರತ್ತಲ್ಲ, ಅದೇ ಅಡಿಗೆಮನೆ. ಎಷ್ಟು ಜನ, ಎಲ್ಲಿಂದ ಬಂದ್ರು, ಯಾರು ಕೇಳಿದ್ರು, ಯಾರು ಬರ್ಕೊಂಡ್ರು. ಮೊದ್ಲು ಅದು."

ಎರಡು ಸಂಜೆ ಹಾಗೆ ಕೂತರು. ಪಟ್ಟಿಯನ್ನು ಓದುವುದು ಹೇಗೆ, ಸರಾಸರಿ ನೋಡಿ ಮರುಳಾಗದೆ ಅತಿ ಕಡಿಮೆ, ಅತಿ ಹೆಚ್ಚು ಎಷ್ಟು ಎಂದು ಹುಡುಕುವುದು ಹೇಗೆ, "ತೋರುತ್ತದೆ" ಎಂದು ಬರೆದದ್ದಕ್ಕೂ "ಸಾಬೀತಾಗಿದೆ" ಎಂದು ಬರೆದದ್ದಕ್ಕೂ ಇರುವ ಅಂತರ, ಎಲ್ಲವನ್ನೂ ಅಜ್ಜಿ ಹೇಳಿಕೊಟ್ಟರು. ಅಕ್ಷಯಾ ಪೀರ್ ರಿವ್ಯೂ ಎಂದರೇನೆಂದು ಅಜ್ಜಿಗೆ ಹೇಳಿದಳು: ಅದೇ ವಿಷಯ ಬಲ್ಲ ಬೇರೆ ಇಬ್ಬರು ಮೂವರು ಅಚ್ಚಿಗೆ ಮುಂಚೆ ಓದಿ ತಪ್ಪು ಹುಡುಕುತ್ತಾರೆ, ಅವರು ಒಪ್ಪಿದರೇ ಪತ್ರಿಕೆಗೆ ಹೋಗುವುದು. "ಸುಮ್ಮಾ ಬ್ಲಾಗ್‌ಲ ಬರೆಯೋ ಹಾಗಲ್ಲ ಪಾಟಿ" ಎಂದಳು. ಆ ಎರಡು ಸಂಜೆ ಜಯಲಕ್ಷ್ಮಮ್ಮ ಎಷ್ಟೋ ವರ್ಷದ ಮೇಲೆ ಸುಖವಾಗಿದ್ದರು. ಮನೆಯಲ್ಲಿ ಒಬ್ಬರು ಅವರ ಕೆಲಸದ ಬಗ್ಗೆ ಕೇಳುತ್ತಿದ್ದರು.

ಮೂರನೆಯ ಸಂಜೆ ಹುಡುಗಿ ಒಂದು ವಾಕ್ಯದ ಮೇಲೆ ಬೆರಳಿಟ್ಟಳು. ಉಪವಾಸ ಪೂರ್ಣವಾಗಿತ್ತೆಂಬುದನ್ನು ತರಬೇತಾದ ಮಹಿಳಾ ಸಿಬ್ಬಂದಿ ಮಾತೃಭಾಷೆಯಲ್ಲಿ ಪ್ರತ್ಯೇಕವಾಗಿ ಸಂದರ್ಶಿಸಿ ಖಚಿತಪಡಿಸಿಕೊಂಡರು.

"ಇದು ನೀನು ತಾನೇ ಪಾಟಿ? ಹೇಗೆ ಕನ್‌ಫರ್ಮ್ ಮಾಡಿದೆ?"

ಗೊತ್ತಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಎರಡು ಸಂಜೆ ಅಡಿಗೆಮನೆ ನೋಡು, ಅಡಿಗೆಮನೆ ನೋಡು ಎಂದು ಹೇಳಿಕೊಟ್ಟವರು ಯಾರು? ಅಲ್ಲದೆ ಎರಡು ದಿನ ಕಳೆದರೆ ಏಕಾದಶಿ. ಜಯಲಕ್ಷ್ಮಮ್ಮ ಹೇಳಿಬಿಟ್ಟರು.

ತಿರುವಲ್ಲಿಕ್ಕೇಣಿಯ ಭಜನಾ ಮಂಡಳಿಯ ಹೆಂಗಸರನ್ನು ಒಪ್ಪಿಸಿದ್ದೇ ಅವರು. ಹೊರಗಿನ ನರ್ಸು ಬಂದಿದ್ದರೆ ಒಬ್ಬರೂ ಕೈ ಕೊಡುತ್ತಿರಲಿಲ್ಲ. ದ್ವಾದಶಿಯ ಬೆಳಿಗ್ಗೆ ಮಡಿಯುಟ್ಟ ಮೇಲೆ ಸೂಜಿ ಚುಚ್ಚಿಸಿಕೊಳ್ಳುವುದುಂಟೆ? ಅದಕ್ಕೇ ಸ್ನಾನಕ್ಕೆ ಮುಂಚೆ, ಐದು ಗಂಟೆಗೇ, ಮಂಡಳಿಯ ಅಧ್ಯಕ್ಷೆಯ ಮನೆಯ ಹಜಾರದಲ್ಲಿ ಎಲ್ಲರನ್ನೂ ಸಾಲಾಗಿ ಚಾಪೆಯ ಮೇಲೆ ಕೂರಿಸಿದರು. ಪ್ರತ್ಯೇಕ ಸಂದರ್ಶನಕ್ಕೆ ಆ ಮನೆಯಲ್ಲಿ ಕೋಣೆ ಎಲ್ಲಿತ್ತು? ಸಾಲಿನಲ್ಲೇ ಒಬ್ಬೊಬ್ಬರನ್ನೂ ಕೇಳಿದರು, ನೆನ್ನೆಯಿಂದ ಏನಾದರೂ ತೊಗೊಂಡ್ರಾ ಎಂದು. ಮೊದಲು ಕೂತಿದ್ದವರು ಅಧ್ಯಕ್ಷೆ. "ತೊಟ್ಟು ನೀರೂ ಇಲ್ಲಮ್ಮ" ಎಂದು ಹಜಾರಕ್ಕೆಲ್ಲ ಕೇಳುವ ಹಾಗೆ ಹೇಳಿದರು. ಇನ್ನು ಉಳಿದವರಲ್ಲಿ ಯಾರಿಗೆ ಬೇರೆ ಉತ್ತರ ಕೊಡುವ ಧೈರ್ಯ? ಎರಡನೆಯವರು ಇಲ್ಲ ಎಂದರು. ಮೂರನೆಯವರು ಜಯಲಕ್ಷ್ಮಮ್ಮನ ಸ್ವಂತ ಅತ್ತೆ.

"ಹಿಂದಿನ ದಿನ ಅವರಿಗೆ ಮೂರು ಸಲ ಕಾಫಿ ಕಲಸಿ ಕೊಟ್ಟೋಳು ನಾನೇ ಕಣೇ. ಹಾಲು, ಎರಡೆರಡು ಸ್ಪೂನ್ ಸಕ್ಕರೆ. ಮಧ್ಯಾಹ್ನ ಎರಡು ರಸಬಾಳೆಹಣ್ಣು. ನನ್ನ ಮುಖ ನೋಡ್ಕೊಂಡು ಇಲ್ಲ ಅಂದ್ರು. ನಾನು ಇಲ್ಲ ಅಂತ ಬರ್ಕೊಂಡೆ."

"ನೀನು ಕೇಳ್ಲಿಲ್ವಾ?"

"ನಲವತ್ತೈದು ಜನದ ಮುಂದೆ ಅತ್ತೇನ ಸುಳ್ಳುಗಾರ್ತಿ ಅನ್ಲಾ? ರಕ್ತ ಎಳೆದು ಆದ್ಮೇಲೆ ಹಿತ್ತಲಲ್ಲಿ ಒಬ್ಬೊಬ್ರೂ ಬಂದು ಕಿವೀಲಿ ಹೇಳಿದ್ರು. ಒಂದ್ ವಾಯಿ, ಒಂದ್ ಗುಟುಕು ಕಾಫಿ ಕುಡಿದೆ ಜಯಾ, ಅದು ಲೆಕ್ಕಕ್ಕಿಲ್ಲ ಅಲ್ವಾ, ತಲೆನೋವು ಬರತ್ತೆ ನೋಡು ಅಂತ. ನಲವತ್ತಾರರಲ್ಲಿ ನಿಜವಾಗ್ಲೂ ನಿರ್ಜಲ ಇದ್ದೋರು ನಾಲ್ಕೋ ಐದೋ ಇರ್ಬೇಕು. ಡಾಕ್ಟರಿಗೆ ಹೇಳ್ಬೇಕು ಅಂತ ಮಾರನೇ ದಿನ ಅವರ ರೂಮಿಗೆ ಹೋದೆ. ಅವರು ಫಾರಂ ಎಲ್ಲಾ ನೋಡಿ ಎಷ್ಟು ಸಂತೋಷ ಪಟ್ರು ಗೊತ್ತಾ. ನಿಮ್ಮನ್ನ ಬಿಟ್ರೆ ಇದು ಯಾರ ಕೈಲೂ ಆಗ್ತಿರ್ಲಿಲ್ಲಮ್ಮ, ನಿಮ್ಮ ಹೆಸರು ಹಾಕಿಸ್ತೀನಿ ಅಂದ್ರು. ನಾನು ವಾಪಸ್ ಬಂದೆ."

ಅಷ್ಟು ಹೇಳಿ ಜಯಲಕ್ಷ್ಮಮ್ಮ ಮೊಮ್ಮಗಳ ಮುಖ ನೋಡಿದರು. ಅಲ್ಲಿ ತಿರಸ್ಕಾರ ಕಂಡಿದ್ದರೆ ತಡೆದುಕೊಳ್ಳುತ್ತಿದ್ದರು. ಹುಡುಗಿಯ ಕಣ್ಣು ಮಿಂಚುತ್ತಿತ್ತು.

"ಪಾಟಿ! ಇದು ಸೂಪರ್. ಲಿಮಿಟೇಷನ್ಸ್‌ಗೆ ಯಾರ ಹತ್ರಾನೂ ಇಂಥ ಪಾಯಿಂಟ್ ಇರಲ್ಲ."

ಒಂದು ಇಡೀ ಪುಟ ಬರೆದಳು. ರಿವ್ಯೂ ಮಾಡಿದವರು ಎಲ್ಲೋ ದೂರದ ಊರಿನ ಡಾಕ್ಟರುಗಳು; ಅಂಕಿಗಳನ್ನು ನೋಡಿದರೇ ಹೊರತು ಹಜಾರವನ್ನು ನೋಡಲಿಲ್ಲ; ಕಾಫಿಯನ್ನು ಆಹಾರವೆಂದು ಎಣಿಸದ ಜನ ಇದ್ದಾರೆಂದು ಅವರಿಗೆ ಹೊಳೆಯುವುದು ಸಾಧ್ಯವಿರಲಿಲ್ಲ; ಆದ್ದರಿಂದ ಈ ತೀರ್ಮಾನವನ್ನು ನಂಬಬಾರದು. ಜಯಲಕ್ಷ್ಮಮ್ಮ ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ತನ್ನ ತಪ್ಪನ್ನು ಮೊಮ್ಮಗಳ ಅಂದವಾದ ಅಕ್ಷರದಲ್ಲಿ ಓದುವುದು ನಾಚಿಕೆಯೇ ಸರಿ. ಆದರೂ ಹಗುರವೆನಿಸಿತು. ಶಾಲೆಯಲ್ಲಿ ಟೀಚರು ಒಪ್ಪಿದರೆ ಆ ಹಾಳೆಯನ್ನೇ ಗಂಡನ ಮುಂದೆ ಹಿಡಿಯಬಹುದು. ಹೆಂಡತಿಯ ಮಾತು ಕೇಳದ ಮನುಷ್ಯ ಕೆಂಪು ಶಾಯಿಯ ಸಹಿಗೆ ಬಗ್ಗಿಯಾನು ಎಂಬ ಆಸೆ.

ಮಾರನೆಯ ದಿನವೇ ಹಾಳೆ ವಾಪಸು ಬಂತು. ಆ ಪುಟದ ಮೇಲೆ ಓರೆಯಾಗಿ ಕೆಂಪು ಗೆರೆ. ಮಗ್ಗುಲಲ್ಲಿ ಮೂರು ಸಾಲು: ಇದು ಮನೆಯವರ ಮಾತು, ಆಧಾರವಲ್ಲ. ಪೀರ್ ರಿವ್ಯೂ ಆದ ಲೇಖನವನ್ನು ಅಲ್ಲಗಳೆಯಲು ಇನ್ನೊಂದು ಪೀರ್ ರಿವ್ಯೂ ಆದ ಲೇಖನ ಬೇಕು. ತಿದ್ದಿ ಬರೆದರೆ ಪೂರ್ಣ ಅಂಕ.

"ಹೋಗಿ ಹೇಳೇ, ಆ ಫಾರಂ ಬರ್ದಿದ್ದೇ ನಮ್ಮಜ್ಜಿ ಅಂತ. ನಾನೇ ಬರ್ತೀನಿ ಸ್ಕೂಲಿಗೆ" ಎಂದರು ಜಯಲಕ್ಷ್ಮಮ್ಮ.

"ಅಯ್ಯೋ ವೇಂಡಾಂ ಪಾಟಿ. ಮ್ಯಾಮ್ ಹೇಳೋದು ಕರೆಕ್ಟ್ ತಾನೇ? ನೀನು ಹೇಳೋದಕ್ಕೆ ಪ್ರೂಫ್ ಏನಿದೆ? ಆ ಫಾರಂಸ್ ಇದ್ಯಾ?"

ಫಾರಂ ಎಲ್ಲಿರಬೇಕು? ಆಸ್ಪತ್ರೆ ಕೈಬದಲಾದಾಗ ಹಳೆಯ ಕಾಗದವೆಲ್ಲ ಗುಜರಿಗೆ ಹೋಯಿತು. ಡಾಕ್ಟರು ತೀರಿಕೊಂಡು ನಾಲ್ಕು ವರ್ಷವಾಯಿತು. ಅಧ್ಯಕ್ಷೆಯೂ ಇಲ್ಲ, ಅತ್ತೆಯೂ ಇಲ್ಲ. ಹಿತ್ತಲಲ್ಲಿ ಕಿವಿಗೆ ಹೇಳಿದ ಬಾಯಿಗಳಲ್ಲಿ ಹೆಚ್ಚಿನವು ಬೂದಿಯಾಗಿವೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಪ್ರತ್ಯಕ್ಷ ಕಂಡವಳಿಗೆ ಪ್ರಮಾಣ ಇಲ್ಲದಿದ್ದರೆ ಏನು ಮಾಡಬೇಕೆಂದು ಯಾವ ಗಾದೆಯೂ ಹೇಳುವುದಿಲ್ಲ.

ಅಕ್ಷಯಾ ಪುಟ ತೆಗೆದುಹಾಕಿದಳು. ಅದರ ಜಾಗದಲ್ಲಿ ಬರೆದಳು: ಮಿತಿ, ಪರೀಕ್ಷೆಗೊಳಗಾದವರ ಸಂಖ್ಯೆ ಸಣ್ಣದು. ನಂಬಲು ಕಾರಣ, ಪರಿಣತರು ಪರಿಶೀಲಿಸಿದ್ದಾರೆ. ಇಪ್ಪತ್ತಕ್ಕೆ ಇಪ್ಪತ್ತು ಬಂತು. ಹುಡುಗಿಯನ್ನು ದೂರಿ ಪ್ರಯೋಜನವಿಲ್ಲ. ಅಂಕ ಬರುವ ಕಡೆ ನಡೆ ಎಂದು ಹೇಳಿಕೊಟ್ಟವರು ಮನೆಯವರೇ.

ಜಯಲಕ್ಷ್ಮಮ್ಮ ಅಂಕಕ್ಕೆ ಕಾಯಲಿಲ್ಲ. ಕೆಂಪು ಗೆರೆಯ ಹಾಳೆ ವಾಪಸು ಬಂದ ಸಂಜೆಯೇ ಗಂಡನ ಎದುರು ಕೂತು ಎಲ್ಲವನ್ನೂ ಹೇಳಿದರು, ಹಜಾರ, ಚಾಪೆ, ಕಾಫಿ, ಬಾಳೆಹಣ್ಣು, ಒಂದನ್ನೂ ಬಿಡದೆ. ಕಿಟ್ಟುರಾಯರು ಕೊನೆಯವರೆಗೂ ಕೇಳಿ ನಕ್ಕರು.

"ಏ ಜಯಾ, ಹೋದ ವರ್ಷ ಸ್ಮಾರ್ತ ಏಕಾದಶಿ ಅಂದೆ. ಈಗ ನಮ್ಮಮ್ಮ ಕಾಫಿ ಕುಡಿದ್ರು ಅಂತ ಅಂತೀಯ. ಸತ್ತೋರ ಮೇಲೆ ಹಾಕೋ ಮಟ್ಟಕ್ಕೆ ಬಂದ್ಯಲ್ಲೇ."

"ರಾಯರ ಆಣೆ, ಇದು ನಿಜ."

"ಆಣೆ ಬೇರೆ! ದೊಡ್ಡ ದೊಡ್ಡ ಡಾಕ್ಟರುಗಳು ನೋಡಿ ಒಪ್ಪಿ ಅಚ್ಚು ಹಾಕಿರೋದು. ನೀನು ರಕ್ತ ಎಳೆದೋಳು ತಾನೇ? ನಿಂಗೇನ್ ಗೊತ್ತು ಅದರಲ್ಲಿ?"

ಹೆಂಡತಿ ರಿಸರ್ಚ್ ಮಾಡಿದವಳು ಎಂದು ಇಪ್ಪತ್ತಾರು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದ ಮನುಷ್ಯ ಆಡಿದ ಮಾತು ಅದು. ಹಿತ್ತಲ ಗಿಡ ಮದ್ದಲ್ಲ. ಗೋಡೆಗೆ ತೂಗುಹಾಕಿದರೆ ಮಾತ್ರ ಮದ್ದು. ಜಯಲಕ್ಷ್ಮಮ್ಮ ಎದ್ದು ಅಡಿಗೆಮನೆಗೆ ಹೋಗಿ ಕುಕ್ಕರು ತೊಳೆದರು. ಆಗಲೇ ತೊಳೆದಿಟ್ಟಿದ್ದ ಕುಕ್ಕರು.

ಏಕಾದಶಿ ಬಂತು. ಕಿಟ್ಟುರಾಯರು ಬೆಳಿಗ್ಗೆ ಮಾತ್ರೆ ನುಂಗಿ ಜಪಕ್ಕೆ ಕೂತರು. ಹನ್ನೆರಡಕ್ಕೆ ಮಾತು ಕಡಿಮೆಯಾಯಿತು. ಮೂರು ಗಂಟೆಗೆ ಜಯಲಕ್ಷ್ಮಮ್ಮ ನೋಡಿದಾಗ ಈಸಿಚೇರಿನಲ್ಲಿ ಒರಗಿದ್ದವರ ಪಂಚೆ ಬೆವರಿನಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು, ಕರೆದರೆ ಏನೋ ತೊದಲಿದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಐವತ್ತನಾಲ್ಕು. ಆಕೆ ಒಂದು ಲೋಟ ನೀರಿನಲ್ಲಿ ನಾಲ್ಕು ಸ್ಪೂನು ಸಕ್ಕರೆ ಕಲಸಿ ತಂದರು. ಕಿಟ್ಟುರಾಯರು ಮುಖ ತಿರುಗಿಸಿದರು. ಗದ್ದ ಹಿಡಿದು ಒಂದು ಗುಟುಕು ಇಳಿಸಿದ ಮೇಲೆ ಲೋಟವನ್ನು ತಾವೇ ಎರಡೂ ಕೈಯಲ್ಲಿ ಹಿಡಿದುಕೊಂಡು ಪೂರ್ತಿ ಕುಡಿದರು. ಇನ್ನೊಂದು ಲೋಟ ಕೇಳಿದರು. ಅದನ್ನೂ ಕುಡಿದರು. ಕಾಲು ಗಂಟೆಯ ಮೇಲೆ ತೊಂಬತ್ತೆರಡು. ಆಗ ಕಣ್ಣು ಬಿಟ್ಟು ಹೇಳಿದ ಮೊದಲ ಮಾತು, "ಲೋಟ ತೊಳೆದು ಕವುಚಿ ಇಡು. ಮಗು ಬರೋ ಹೊತ್ತಾಯ್ತು."

ಸದ್ಯ, ಬುದ್ಧಿ ಬಂತಲ್ಲ ಎಂದು ಜಯಲಕ್ಷ್ಮಮ್ಮ ದೇವರಿಗೆ ಕೈ ಮುಗಿದರು. ಆ ಸಮಾಧಾನ ಆರು ಗಂಟೆಯವರೆಗೆ ಇತ್ತು.

ಆರಕ್ಕೆ ಮಧ್ವರಾಜರ ಫೋನು ಬಂತು. ಕಿಟ್ಟುರಾಯರ ಜೊತೆ ಮೂವತ್ತು ವರ್ಷ ಇನ್ಶೂರೆನ್ಸ್ ಆಫೀಸಿನಲ್ಲಿ ಇದ್ದವರು, ಒಂಟಿ ಜೀವ, ಹೋದ ತಿಂಗಳಷ್ಟೇ ಸಕ್ಕರೆ ಮಾತ್ರೆ ಶುರುವಾಗಿತ್ತು. ಕಿವಿ ಮಂದವಾದ್ದರಿಂದ ಕಿಟ್ಟುರಾಯರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

"ಏನಯ್ಯಾ ಕಿಟ್ಟು, ನಿರ್ಜಲಾನಾ?"

"ನಿರ್ಜಲ. ತೊಟ್ಟು ನೀರೂ ಇಲ್ಲ. ಗುಂಡುಕಲ್ಲಿನ ಹಾಗಿದೀನಿ."

"ಮಾತ್ರೆ ತೊಗೊಂಡೂನಾ?"

"ತೊಗೊಂಡೇ. ಏನೂ ಆಗಲ್ಲ ಕಣಯ್ಯಾ. ರಿಸರ್ಚ್ ಆಗಿದೆ, ಅಚ್ಚಾಗಿದೆ. ನಮ್ಮ ಅಕ್ಷಯಾ ಕೂಡ ಅದರ ಮೇಲೆ ಬರೆದು ಫುಲ್ ಮಾರ್ಕ್ಸ್ ತೊಗೊಂಡಿದಾಳೆ."

"ಹಾಗಾದ್ರೆ ಬರೋ ಏಕಾದಶಿಯಿಂದ ನಾನೂ ಇದ್ದುಬಿಡ್ತೀನಿ."

ಜಯಲಕ್ಷ್ಮಮ್ಮ ಅಡಿಗೆಮನೆಯಿಂದ ಬಂದು ಗಂಡನ ಕೈಯಿಂದ ಫೋನು ಕಿತ್ತುಕೊಂಡರು. ನಲವತ್ತೈದು ವರ್ಷದ ಸಂಸಾರದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಸೋಫಾದ ಮೇಲಿದ್ದ ಅಕ್ಷಯಾ ತಲೆಯೆತ್ತಿದಳು.

"ಮಧ್ವರಾಜಣ್ಣಾ, ನಾನು ಜಯಾ. ಇವರು ಹೇಳಿದ್ದು ಸುಳ್ಳು. ಮೂರು ಗಂಟೆಗೆ ಶುಗರ್ ಐವತ್ತನಾಲ್ಕಕ್ಕೆ ಇಳಿದು ಪ್ರಜ್ಞೆ ತಪ್ಪೋ ಹಾಗಿದ್ರು. ಎರಡು ಲೋಟ ಸಕ್ಕರೆ ನೀರು ಕುಡಿದ್ರು. ಆ ಪೇಪರಿನಲ್ಲಿ ಇರೋರೂ ಹೀಗೇ, ಕಾಫಿ ಕುಡಿದು ಇಲ್ಲ ಅಂದೋರು. ಬರ್ಕೊಂಡೋಳು ನಾನೇ. ನೀವು ಒಬ್ಬರೇ ಇರೋರು, ದಯವಿಟ್ಟು ಮಾತ್ರೆ ತೊಗೊಂಡು ಉಪವಾಸ ಇರ್ಬೇಡಿ."

ಕಿಟ್ಟುರಾಯರು ಮುಖ ಕೆಂಪಾಗಿ ಗೋಡೆಯ ಕಡೆ ತಿರುಗಿಕೊಂಡರು. ಫೋನಿನ ಆ ಕಡೆ ಮಧ್ವರಾಜರು ಗಂಟಲು ಸರಿಮಾಡಿಕೊಂಡರು.

"ಆಗ್ಲಿ ತಂಗೀ. ನಿಂಗೆ ಗಾಬರಿ ಆಗೋದು ಸಹಜ, ಹೆಣ್ಣು ಹೃದಯ. ಆದ್ರೂ ಆ ಪೇಪರ್ ಒಂದು ಕಳ್ಸು. ಡಾಕ್ಟರುಗಳು ಏನು ಬರ್ದಿದಾರೆ ಅಂತ ನಾನೇ ಓದಿ ನೋಡ್ತೀನಿ."

ಕಿಟ್ಟುರಾಯರು ಹೆಂಡತಿಯ ಮುಖ ನೋಡದೆ ಮೊಮ್ಮಗಳಿಗೆ ಹೇಳಿದರು, "ಅಕ್ಷಯಾ, ಮಧ್ವರಾಜ ತಾತಂಗೆ ಅದನ್ನ ವಾಟ್ಸಾಪ್‌ನಲ್ಲಿ ಕಳ್ಸಮ್ಮ."

"ಬೇಡ್ವೇ" ಎಂದರು ಜಯಲಕ್ಷ್ಮಮ್ಮ. "ನಿಂಗೆ ಎಲ್ಲಾ ಗೊತ್ತಲ್ಲೇ. ನಿನ್ ಕೈಯಾರೆ ಬರ್ದಿದ್ಯಲ್ಲೇ."

ಹುಡುಗಿ ಇಬ್ಬರ ಮುಖವನ್ನೂ ನೋಡಿದಳು. "ಪಾಟಿ, ಅದು ಆನ್‌ಲೈನ್‌ಲ ಫ್ರೀಯಾಗಿ ಇದೆ. ನಾನು ಕಳಿಸ್ದೇ ಇದ್ರೂ ಅವರಿಗೆ ಸಿಗತ್ತೆ" ಎಂದು ಮೆತ್ತಗೆ ಹೇಳಿ ಫೋನಿನ ಮೇಲೆ ಬೆರಳಾಡಿಸಿ ಕಳಿಸಿದಳು.

ಹತ್ತು ನಿಮಿಷಕ್ಕೆ ಉತ್ತರ ಬಂತು. ಅಕ್ಷಯಾ ಗಟ್ಟಿಯಾಗಿ ಓದಿದಳು: ಓದಿದೆ, ತುಂಬ ಚೆನ್ನಾಗಿದೆ, ನಮ್ಮ ಸತ್ಸಂಗದ ಗ್ರೂಪಿಗೂ ಹಾಕಿದ್ದೇನೆ. ಆ ಗ್ರೂಪಿನಲ್ಲಿ ಇನ್ನೂರ ಹನ್ನೆರಡು ಮಂದಿ ಇದ್ದರು, ಹೆಚ್ಚಿನವರು ಅರವತ್ತು ದಾಟಿದವರು.